ಕರವಸ್ತ್ರದಲ್ಲಿ ಕಟ್ಟಿದ ಗೋಧಿ

ಮಿಲುಂಕಾಳ ಮನೆ ಬಾಗಿಲಲ್ಲಿ ನಿಂತು ರಾದೋಯ್ಕಾ ಬೂಟಿನ ಹಿಮ ಕೊಡವಿದ್ದೇ ಕೊಡವಿದ್ದು. ಒಳಗೆ ಹೋಗಲು ಕಾಲೇ ಬರುತ್ತಿರಲಿಲ್ಲ. ಹೊಸ್ತಿಲು ದಾಟಿದರೆ ಎದುರಿಗೇ ಮೇಜು, ಮೇಜಿನ ಮೇಲೆ ಬೇಯಿಸಿದ ಗೋಧಿ. ಅಕ್ರೋಟು, ಸಕ್ಕರೆ ಸೇರಿಸಿ ಕಲಸಿ, ಗುಡ್ಡದ ಹಾಗೆ ಒಟ್ಟಿ ಮೇಲೊಂದು ಮೇಣದಬತ್ತಿ ನೆಟ್ಟಿದ್ದರು. ಸಂತ ನಿಕೋಲನ ದಿನ, ಆ ಮನೆತನದ ಹಬ್ಬ. ಬಂದವರು ಶಿಲುಬೆಯ ಗುರುತು ಹಾಕಿಕೊಂಡು, ಒಂದು ಚಮಚ ಗೋಧಿ ಬಾಯಿಗಿಟ್ಟು, ಚಮಚವನ್ನು ನೀರಿನ ಲೋಟಕ್ಕೆ ಹಾಕಿದ ಮೇಲೆಯೇ ಮಿಕ್ಕ ಮಾತು. ಆ ಗೋಧಿ ಮನೆಯಲ್ಲಿ ತೀರಿಕೊಂಡವರ ಹೆಸರಿನದು. ಈ ವರ್ಷ ತೀರಿಕೊಂಡವನು ಮಿಲುಂಕಾಳ ಗಂಡ ದ್ರಾಗಿಶಾ.

ರಾದೋಯ್ಕಾಳ ಹೊಟ್ಟೆಗೆ ಗೋಧಿ ಬಿದ್ದರೆ ಅವಳ ಮೈ ತನ್ನ ಕರುಳನ್ನು ತಾನೇ ಕಡಿಯುತ್ತಿತ್ತು. ಸೀಲಿಯಾಕ್ ಅಂತ ಡಾಕ್ಟರು ಹೆಸರು ಹೇಳಿದ್ದರು. ಮದ್ದಿಲ್ಲ, ಬಿಡುವುದೇ ಮದ್ದು. ಬ್ರೆಡ್ಡಿನ ಪುಡಿಯೂ ಕೂಡದು, ಸಾಯುವ ತನಕ. ಅದನ್ನು ಅವಳು ಯಾರಿಗೂ ಹೇಳಿರಲಿಲ್ಲ.

ಹೇಳುವುದಾದರೂ ಹೇಗೆ? ತಾನು ದುಡಿಯುತ್ತಿದ್ದ ಜವಳಿ ಕಾರ್ಖಾನೆಯನ್ನು ಮಂತ್ರಿಗಳು ಮಾರಿ ತಿಂದಾಗ ಗೇಟಿನೆದುರು ಮುಷ್ಕರ ಹೂಡಿ ಬರೀ ನೀರು ಕುಡಿದು ಮಲಗಿದವಳು ಅವಳು. ಮೈಕು ಅವಳ ಕೈಯಲ್ಲಿ ಇತ್ತು, ಪೊಲೀಸರ ಲಾಠಿ ಅವಳ ಬೆನ್ನ ಮೇಲೆ. ರಾಜಧಾನಿಯಿಂದ ಬಂದ ಹೆಂಗಸರು ಅಂಗಡಿಯಲ್ಲಿ 'ಗೋಧಿ ಇಲ್ಲದ್ದು' ಕೇಳಿದರೆ, 'ಹೊಟ್ಟೆ ತುಂಬಿದವರ ಕಾಯಿಲೆ' ಎಂದು ಎಲ್ಲರೆದುರು ನಕ್ಕವಳೂ ಅವಳೇ. ಕಾಯಿಲೆ ಗೊತ್ತಾದ ಮೇಲಾದರೂ ಪಥ್ಯ ಹಿಡಿದಳೇ? ಬೆಳಗಿನ ಬ್ರೆಡ್ಡಿನ ವಾಸನೆಗೆ ಸೋತು ಬೇಕರಿಯ ಹಿಂದಿನ ಸಂದಿಯಲ್ಲಿ ಬಿಸಿ ಅಂಚು ಮುರಿದು ಕಳ್ಳಿಯ ಹಾಗೆ ನುಂಗಿ, ಆಮೇಲೆ ಕಕ್ಕಸಿನಲ್ಲಿ ಹೊಟ್ಟೆ ಹಿಡಿದುಕೊಂಡು ಕೂತದ್ದುಂಟು. ಗೇಟಿನೆದುರು ಹಸಿವನ್ನು ಗೆದ್ದವಳಿಗೆ ಒಂದು ತುಂಡು ಬ್ರೆಡ್ಡನ್ನು ಗೆಲ್ಲಲಾಗಲಿಲ್ಲ.

"ಬಾರೇ ಕುಮಾ, ಅಲ್ಲೇ ಬೇರು ಬಿಡ್ತೀಯೇನು?" ಮಿಲುಂಕಾ ಕರೆದಳು. ಅವಳ ಮದುವೆಗೆ ಸಾಕ್ಷಿ ನಿಂತು ಕುಮಾ ಆದವಳು ರಾದೋಯ್ಕಾ. ಆ ನಂಟು ಒಡಹುಟ್ಟಿಗಿಂತ ಹೆಚ್ಚು.

ರಾದೋಯ್ಕಾ ಗೋಧಿಯನ್ನು ಬಾಯಿಗಿಟ್ಟು ನಾಲಿಗೆಯಡಿ ಒತ್ತಿ ಹಿಡಿದಳು. ಕೋಟು ನೇತುಹಾಕುವ ನೆಪದಲ್ಲಿ ಮೂಲೆಗೆ ತಿರುಗಿ ಕರವಸ್ತ್ರದೊಳಕ್ಕೆ ಉಗುಳಿದಳು. ತಲೆಯೆತ್ತಿದರೆ ಗೋಡೆಯ ಕನ್ನಡಿಯಲ್ಲಿ ಮಿಲುಂಕಾಳ ಕಣ್ಣು.

ಎಲ್ಲರೂ ಕೂತ ಮೇಲೆ ಮಿಲುಂಕಾ, ಪಾದ್ರಿ ವೈನ್ ಹುಯ್ದು ಕತ್ತರಿಸಿ ಹೋಗಿದ್ದ ಹಬ್ಬದ ಬ್ರೆಡ್ಡಿನಿಂದ ದೊಡ್ಡದೊಂದು ತುಂಡು ಮುರಿದು ತಂದು ರಾದೋಯ್ಕಾಳ ತಟ್ಟೆಗೆ ಇಟ್ಟಳು.

"ಇದು ದ್ರಾಗಿಶಾನ ಪಾಲು. ಅವನ ಪಾಲು ನೀನೇ ತಿನ್ನಬೇಕು."

ಆ ದನಿಯಲ್ಲಿ ಚಾಕು ಇತ್ತು. ಎದುರಿಗಿದ್ದ ಮುದುಕ ತಿಹೋಮಿರ್, ಕಾರ್ಖಾನೆಯಲ್ಲಿ ಮಗ್ಗದ ಮೇಸ್ತ್ರಿಯಾಗಿದ್ದವನು, ರಾಕಿಯಾ ಸಾರಾಯಿ ಏರಿಸಿಕೊಂಡು ಕಣ್ಣು ಮಿಟುಕಿಸಿದ: "ತಿನ್ನಮ್ಮಾ ಲೀಡರ್, ಮುಷ್ಕರ ಮುಗಿದು ಎಷ್ಟು ಕಾಲ ಆಯ್ತು!"

ಎಲ್ಲರೂ ನಕ್ಕರು. ರಾದೋಯ್ಕಾ ಪೂರ್ತಿ ತಿಂದಳು. ಸತ್ತವನ ಅನ್ನಕ್ಕೆ ಉಗುಳಿದವಳು ಅನ್ನಿಸಿಕೊಳ್ಳುವುದಕ್ಕಿಂತ ಕರುಳು ಹರಿದರೆ ಹರಿಯಲಿ ಎಂದುಕೊಂಡಳು.

ಮೀನು ಹುರಿದು ಬಡಿಸುವ ಹೊತ್ತಿಗೆ ಅವಳು ಬಚ್ಚಲಲ್ಲಿ ಮೊಣಕಾಲೂರಿದ್ದಳು. ಕಿವಿ ಗುಂಯ್‌ಗುಡುತ್ತಿತ್ತು. ಹೊರಗಿನಿಂದ ಮಿಲುಂಕಾ ಬಾಗಿಲು ಬಡಿದಳು.

"ಉಗುಳಿದ್ದು ನೋಡಿದೀನಿ. ನನ್ನ ಗಂಡ ನಿನಗೇನು ಮಾಡಿದ್ದ?"

"ನನಗೆ ಗೋಧಿ ಆಗಲ್ಲ ಮಿಲುಂಕಾ. ಕಾಯಿಲೆ. ಎರಡು ವರ್ಷ ಆಯ್ತು."

ದಡಾರನೆ ಬಾಗಿಲು ತೆರೆಯಿತು.

"ಎರಡು ವರ್ಷ! ಹೋದ ಹಬ್ಬಕ್ಕೂ ತಿಂದ್ಯಲ್ಲೇ, ಬೇಯಿಸಿ ಹಾಕಿದ್ದು ನಾನು! ಮಂತ್ರಿ ಮುಖದ ಮೇಲೆ ಕಳ್ಳ ಅಂದ ಬಾಯಿ ನಿಂದು, ಹೊಟ್ಟೆ ನೋವು ಅನ್ನೋಕೆ ಬರಲಿಲ್ವೇನೆ? ದ್ರಾಗಿಶಾನ ಹೆಸರು ಹೇಳಿ ವಿಷ ತಿನ್ನಿಸಿಬಿಟ್ಟೆ ನಾನು. ಹಬ್ಬದ ದಿನ ನನ್ನ ಕೈಯಲ್ಲಿ ಇದನ್ನ ಮಾಡಿಸಿದ್ಯಲ್ಲೇ!"

ರಾದೋಯ್ಕಾಳಿಗೆ ಹೊಟ್ಟೆಯ ನೋವು ಒಂದು ಗಳಿಗೆ ಮರೆತೇಹೋಯಿತು. ಜನ ನಗುತ್ತಾರೆ ಎಂದು ಹೆದರಿದ್ದಳು, ಅಷ್ಟೇ; ಬಡಿಸಿದ ಕೈಗೆ ಪಾಪ ಮೆತ್ತುತ್ತಿದ್ದೇನೆ ಎಂಬುದು ಅವಳಿಗೆ ಹೊಳೆದೇ ಇರಲಿಲ್ಲ.

"ಆ ಕರವಸ್ತ್ರ ಎಲ್ಲಿ?" ಮಿಲುಂಕಾ ಕೇಳಿದಳು. "ಪಾದ್ರಿ ಹರಸಿದ ಕಾಳು ಕಸಕ್ಕೆ ಹೋಗಕೂಡದು. ನಡಿ, ನೀನೇ ಹಕ್ಕಿಗೆ ಹಾಕು. ಮೊದಲು ಎಲ್ಲರಿಗೂ ಹೇಳು."

ಊಟದ ಮನೆಗೆ ಬಂದು, ಕುರ್ಚಿಯ ಬೆನ್ನು ಹಿಡಿದು ರಾದೋಯ್ಕಾ ಹೇಳಿದಳು. ಯಾರಿಗೂ ಕೇಳಿಸಲಿಲ್ಲ.

"ಜೋರಾಗಿ ಹೇಳಮ್ಮಾ, ಗೇಟಿನ ಹತ್ತಿರ ಹೇಳ್ತಿದ್ದ ಹಾಗೆ," ಅಂದ ತಿಹೋಮಿರ್.

"ನನಗೆ ಗೋಧಿ ಆಗಲ್ಲ. ತಿಂದರೆ ಕರುಳು ಸಾಯ್ತದೆ. ದ್ರಾಗಿಶಾನ ಗೋಧಿ ಉಗುಳಿದೆ."

"ಓಹೋ, ಹೊಟ್ಟೆ ತುಂಬಿದವರ ಕಾಯಿಲೆ," ತಿಹೋಮಿರ್ ತನಗೆ ತಾನೇ ಅನ್ನುವಂತೆ ಅಂದ. ಯಾರೋ ಕಿಸಕ್ಕೆಂದರು. ಅದು ಅವಳದೇ ಮಾತು, ಅವಳದೇ ನಗೆ. ಈಗ ಅವಳ ಮುಖಕ್ಕೇ ಬಂದು ಬಿದ್ದಿತು.

ಅವಳು ಕಿಟಕಿ ತೆರೆದು ಕರವಸ್ತ್ರವನ್ನು ಹಿಮದ ಮೇಲೆ ಕೊಡವಿದಳು. ಅಂಟಿದ್ದ ಕಾಳನ್ನು ಉಗುರಿನಿಂದ ಕೆರೆದು ಉದುರಿಸಬೇಕಾಯಿತು, ಎಲ್ಲರೂ ನೋಡುತ್ತಿದ್ದರು. ಹಿಂದಿನಿಂದ ಮಿಲುಂಕಾ ಗೋಧಿಯ ತಟ್ಟೆಯಿಂದ ಒಂದು ಚಮಚ ತುಂಬಿ ಬಾಯಿಗಿಟ್ಟುಕೊಂಡಳು.

"ಇದು ಇವಳ ಪಾಲು ಕಣೋ ದ್ರಾಗಿಶಾ," ಎಂದು ಗೋಡೆಯ ಮೇಲಿದ್ದ ಗಂಡನ ಪಟಕ್ಕೆ ಹೇಳಿ, ರಾದೋಯ್ಕಾಳತ್ತ ತಿರುಗಿದಳು. "ಕೂತ್ಕೋ. ಬೇಯಿಸಿದ ಆಲೂಗಡ್ಡೆ ಇದೆ. ಅದನ್ನಾದ್ರೂ ಕರವಸ್ತ್ರಕ್ಕೆ ಉಗುಳಬೇಡ."

ರಾದೋಯ್ಕಾ ಕೂತಳು. ಆಲೂಗಡ್ಡೆಗೆ ಉಪ್ಪು ಹಾಕಿಕೊಂಡು, ತಲೆಯೆತ್ತದೆ, ಎಲ್ಲರೆದುರು ತಿಂದಳು.