ತೋಳನಾಗಿಯೇ ಉಳಿದವನು

ಅವನು ತೋಳನಾಗುತ್ತಿದ್ದ ಎಂದರೆ ನಂಬುವವರು ಸಿಗಲಾರರು. ಅವನೂ ನಾನೂ ಸಂಸಾರ ಹೂಡಿದ್ದೆವು ಎಂದರೂ ನಮ್ಮ ಕಡೆ ನಂಬುವವರು ಕಡಿಮೆಯೇ. ಇಷ್ಟು ದಿನ ಎರಡನ್ನೂ ಒಂದಿಬ್ಬರಿಗೆ ಬಿಟ್ಟರೆ ಯಾರಿಗೂ ಬಾಯಿ ಬಿಡದೆ ಇಟ್ಟುಕೊಂಡಿದ್ದೆ. ಅವನು ಇದ್ದ ಎಂಬ ಮಾತು ಎಲ್ಲಾದರೂ ಒಂದು ಕಡೆ ಇರಲಿ ಎಂದು ಈಗ ಬರೆಯುತ್ತಿದ್ದೇನೆ.

ಆಗ ನಾನು ಕೊಪ್ಪದ ಹೈಸ್ಕೂಲಿನಲ್ಲಿ ಕನ್ನಡ ಮೇಷ್ಟ್ರು. ಸ್ವಂತ ಊರು ಹೊಳಲು. ಅಲ್ಲಿ ಅವ್ವ, ಅಣ್ಣ, ಅತ್ತಿಗೆ. ಕೊಪ್ಪದಲ್ಲಿ ಊರಿನ ಕೊನೆಯ ಮನೆಯನ್ನು ಬಾಡಿಗೆಗೆ ಹಿಡಿದಿದ್ದೆ. ಹಿತ್ತಿಲ ಬಾಗಿಲು ತೆಗೆದರೆ ಕಬ್ಬಿನ ಗದ್ದೆ, ಅದರಾಚೆ ನಾಲೆ. ಮದುವೆ ಬೇಡ ಎಂದು ಅವ್ವನಿಗೆ ಹೇಳಿ ವರ್ಷಗಳಾಗಿದ್ದವು. ಯಾಕೆ ಎಂದು ಅವಳು ಕೇಳುತ್ತಿದ್ದಳು, ನಾನು ಹೇಳುತ್ತಿರಲಿಲ್ಲ.

ಹೊಸ ಬೆಲ್ಲ ಬೇಕು ಅಂದಿದ್ದವಳು ಅವ್ವನೇ. ಒಂದು ಭಾನುವಾರ ನಾಲೆಯ ಪಕ್ಕದ ಆಲೆಮನೆಗೆ ಹೋದೆ. ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಕುದಿಯುತ್ತಿತ್ತು. ಕೆಳಗೆ ಒಲೆಯ ಬಾಯಿಗೆ ಒಬ್ಬ ಒಣಗಿದ ಕಬ್ಬಿನ ಸಿಪ್ಪೆ ತಳ್ಳುತ್ತಿದ್ದ. ಮೂವತ್ತರ ಆಸುಪಾಸಿನವನು, ಸಣಕಲು, ಕಣ್ಣು ತುಸು ಹಳದಿ. ಅವನು ಬೆನ್ನು ನೆಟ್ಟಗೆ ಮಾಡಿ ಎದ್ದು ನಿಂತದ್ದೇ ತಡ, ಅಲ್ಲಿ ಮಲಗಿದ್ದ ಎರಡು ನಾಯಿಗಳು ಸದ್ದಿಲ್ಲದೆ ಎದ್ದು ಟ್ರ್ಯಾಕ್ಟರಿನ ಹಿಂದಕ್ಕೆ ಸರಿದವು.

"ಬೆಲ್ಲ ಆರ್ಬೇಕು ಮೇಷ್ಟ್ರೇ, ಒಸಿ ಕುಂತ್ಕಳಿ," ಅಂದ.

"ಮೇಷ್ಟ್ರು ಅಂತ ಹೆಂಗೆ ಗೊತ್ತಾಯ್ತು?"

"ಸೀಮೆಸುಣ್ಣದ ವಾಸ್ನೆ ಬತ್ತದೆ."

ಅವತ್ತು ತಲೆಗೆ ಎಣ್ಣೆ ಹಚ್ಚಿ ಸ್ನಾನ ಮಾಡಿ ಹೋಗಿದ್ದೆ. ಆದರೂ ಅಂಗೈ ಮೂಸಿ ನೋಡಿಕೊಂಡೆ. ಅವನು ನಕ್ಕ. ಬಿಸಿ ಬೆಲ್ಲವನ್ನು ಬಾಳೆಲೆಯ ಚೂರಿನ ಮೇಲೆ ಹಾಕಿ ಕೊಟ್ಟ. ಮುಂದಿನ ಭಾನುವಾರ ಬೆಲ್ಲ ಬೇಕಿಲ್ಲದಿದ್ದರೂ ಹೋದೆ. ಅದರ ಮುಂದಿನ ಭಾನುವಾರವೂ.

ಆಮೇಲೆ ಅವನೇ ಮನೆಗೆ ಬರಲು ಶುರುಮಾಡಿದ. ಹಿತ್ತಿಲ ಮೆಟ್ಟಿಲ ಮೇಲೆ ಕುಳಿತು ಕಾಫಿ ಕುಡಿದು ಹೋಗುತ್ತಿದ್ದ. ಪಕ್ಕದ ಮನೆಯ ಅಜ್ಜಿಗೆ ಅವನು ಓದು ಕಲಿಯಲು ಬರುತ್ತಾನೆಂಬ ನಂಬಿಕೆ. ಒಂದು ಸಂಜೆ ಲೋಟ ಕೊಡುವಾಗ ನನ್ನ ಮಣಿಕಟ್ಟು ಹಿಡಿದ. ಅವನ ಕೈ ಜ್ವರ ಬಂದವನ ಕೈಯಂತೆ ಸುಡುತ್ತಿತ್ತು.

"ನಿಮ್ಮೆದೆ ಯಾಕೆ ಮೇಷ್ಟ್ರೇ ಇಂಗೆ ಒಡ್ಕೊತದೆ? ನೀವು ನಾಲೆ ಏರಿ ಮ್ಯಾಲೆ ಬರೋವಾಗ್ಲೇ ಕೇಳ್ತದೆ ನಂಗೆ."

ನಾನು ಕೈ ಬಿಡಿಸಿಕೊಳ್ಳಲಿಲ್ಲ.

"ನಂದೂ ಅಂಗೇ ಒಡ್ಕೊತದೆ. ನಿಮ್ಗೆ ಕೇಳಕ್ಕಿಲ್ಲ, ಅಷ್ಟೇಯ," ಅಂದ.

ಅವತ್ತಿನಿಂದ 'ನೀವು' ಹೋಗಿ 'ನೀನು' ಆಯಿತು. 'ಮೇಷ್ಟ್ರೇ' ಮಾತ್ರ ಕೊನೆಯವರೆಗೂ ಉಳಿಯಿತು.

ಅವನು ಹುಣ್ಣಿಮೆಯ ಆಜುಬಾಜು ಬರುತ್ತಿರಲಿಲ್ಲ. ಮೊದಲು ಗಮನಿಸಲಿಲ್ಲ, ಗಮನಿಸಿದ ಮೇಲೆ ಸಂಕಟವಾಯಿತು. ಅವನ ಊರು ಮಳವಳ್ಳಿ ಕಡೆ. ಅಲ್ಲಿ ಹೆಂಡತಿ ಇದ್ದಾಳು ಅಂದುಕೊಂಡೆ, ಕೇಳಿಯೂ ಬಿಟ್ಟೆ.

"ಎಂಡ್ತಿ ಇದ್ದಿದ್ರೆ ಎಂದೋ ಏಳ್ಬುಡ್ತಿದ್ದೆ," ಅಂದ. ಲೋಟ ಮೆಟ್ಟಿಲ ಮೇಲಿಟ್ಟ. ಆಮೇಲೆ ಹೇಳಿದ. ಅವರ ಮನೆಯಲ್ಲಿ ಕುರಿ ಸಾಕುತ್ತಿದ್ದರು, ಗಿಡ್ಡ ಕಾಲಿನ ಬನ್ನೂರು ಕುರಿ. ಇವನಿಗೆ ಮೀಸೆ ಬಂದ ವರ್ಷ, ಒಂದು ಸಂಜೆ ಇವನು ಹಟ್ಟಿಯೊಳಗೆ ಕಾಲಿಟ್ಟದ್ದೇ ಕುರಿಗಳೆಲ್ಲ ಒಂದರ ಮೇಲೊಂದು ಹತ್ತಿ ಆಚೆ ಮೂಲೆಗೆ ಒತ್ತಿಕೊಂಡವು. ಒಂದು ಮರಿ ಕಾಲಡಿ ಸಿಕ್ಕಿ ಸತ್ತಿತು. ಅದನ್ನು ನೋಡಿದ ಅಪ್ಪ ಅಲ್ಲೇ ಕುಸಿದು ಕುಳಿತು ಅತ್ತನಂತೆ. ಅಪ್ಪನ ತಮ್ಮನೂ ಹಾಗೇ ಇದ್ದನಂತೆ. ಮಾರನೆಯ ದಿನ ಅಕ್ಕ ಬುತ್ತಿ ಕಟ್ಟಿಕೊಟ್ಟಳು, ಇವನು ಊರು ಬಿಟ್ಟ.

"ನಾನು ತೋಳ ಆಯ್ತೀನಿ ಕಣ್ ಮೇಷ್ಟ್ರೇ."

ಮನಸ್ಸಿನ ಕಾಯಿಲೆ ಇರಬೇಕು, ಮಂಡ್ಯದಲ್ಲಿ ಒಳ್ಳೆಯ ಡಾಕ್ಟರಿದ್ದಾರೆ ಎಂದು ಸಮಾಧಾನವಾಗಿಯೇ ಹೇಳಿದೆ. ಅವನಿಗೆ ಬೇಜಾರಾಗಲಿಲ್ಲ. "ಬಾ, ನೋಡು," ಅಂದ.

ಆ ಹುಣ್ಣಿಮೆಯ ಮುಸ್ಸಂಜೆ ನಾಲೆಯ ಏರಿಗೆ ಹೋದೆವು. ಅವನು ಅಂಗಿ, ಪಂಚೆ ಕಳಚಿ ಮಡಿಸಿ ನನ್ನ ಕೈಗಿಟ್ಟ. ಚಳಿಜ್ವರದವನ ಹಾಗೆ ಮೊಣಕಾಲು ತಬ್ಬಿ ಕುಳಿತು, "ಏನಾರ ಮಾತಾಡ್ತಿರು, ನಿಲ್ಸಬ್ಯಾಡ," ಅಂದ. ಏನು ಹೇಳಬೇಕೆಂದು ತೋಚದೆ ಅವತ್ತು ಮಕ್ಕಳಿಗೆ ಹೇಳಿಕೊಟ್ಟ ಸಂಧಿಗಳನ್ನೇ ಹೇಳತೊಡಗಿದೆ. ಲೋಪ, ಆಗಮ, ಆದೇಶ. ಕಬ್ಬಿನ ಸೂಲಂಗಿ ಹೂಗಳ ಮೇಲೆ ಚಂದ್ರ ಬಂದ. ಉದಾಹರಣೆಗೆ ತಡಕಾಡಿ ತಿರುಗಿದಾಗ ಅವನಿದ್ದ ಜಾಗದಲ್ಲಿ ತೋಳ ನಿಂತಿತ್ತು. ನಾನು ಎಣಿಸಿದಷ್ಟು ದೊಡ್ಡದಲ್ಲ. ಪಕ್ಕೆಲುಬು ಕಾಣುವಷ್ಟು ಬಡಕಲು, ಮೈ ಒಣಗಿದ ಕಬ್ಬಿನ ಗರಿಯ ಬಣ್ಣ. ಹತ್ತಿರ ಬಂದು ಮೂಗನ್ನು ನನ್ನ ಅಂಗೈಯೊಳಗಿಟ್ಟಿತು. ಆಮೇಲೆ ಕಬ್ಬಿನೊಳಕ್ಕೆ ಹೋಯಿತು.

ಬೆಳಿಗ್ಗೆ ಬಿಸಿಲು ಬೀಳುವ ಹೊತ್ತಿಗೆ ಹಿತ್ತಿಲ ಬಾಗಿಲಲ್ಲಿ ಅವನು ಕುಳಿತಿದ್ದ, ಮೈಯೆಲ್ಲ ಮಣ್ಣು. ಬೆರಳುಗಳು ಲೋಟ ಹಿಡಿಯುತ್ತಿರಲಿಲ್ಲ. ನಾನೇ ಹಿಡಿದು ಕಾಫಿ ಕುಡಿಸಿದೆ. ಹೆದರಿಕೆಯಾಗಲಿಲ್ಲವೇ ಎಂದರೆ, ಆಯಿತು. ಆದರೆ ಅವನು ಬರದಿದ್ದರೆ ಎಂಬ ಹೆದರಿಕೆ ಅದಕ್ಕಿಂತ ದೊಡ್ಡದಾಗಿತ್ತು.

ಆಮೇಲಿನ ಕಾಲವೇ ನನ್ನ ಬದುಕಿನ ಒಳ್ಳೆಯ ಕಾಲ. ಅವನು ನನ್ನ ಮನೆಯಲ್ಲೇ ಇರತೊಡಗಿದ. ಅವನು ಉಪ್ಸಾರು ಚೆನ್ನಾಗಿ ಮಾಡುತ್ತಿದ್ದ. ಬಾಡು ಮಾತ್ರ ಮುಟ್ಟುತ್ತಿರಲಿಲ್ಲ. ಒಂದು ರಜೆಯ ದಿನ ಬೈಕಿನಲ್ಲಿ ಮಳವಳ್ಳಿ ದಾಟಿ ಮುತ್ತತ್ತಿಗೆ ಹೋದೆವು. ಹೊಳೆಯ ದಡದಲ್ಲಿ ಜನರ ಕೈಯಿಂದ ಬಾಳೆಹಣ್ಣು ಕಿತ್ತುಕೊಳ್ಳುವ ಕೋತಿಗಳು ನಾವು ಇಳಿದದ್ದೇ ಮರ ಹತ್ತಿ ಕಾಣೆಯಾದವು.

"ನೋಡು, ಎಲ್ಲಕ್ಕೂ ಗೊತ್ತಾಯ್ತದೆ. ನಿಂಗೊಬ್ಬಂಗೆ ಬುಟ್ಟು," ಅಂದ.

"ನಂಗೂ ಗೊತ್ತು ಕಣೋ. ನಾನು ಓಡಿಹೋಗಲ್ಲ, ಅಷ್ಟೇ."

ಅವನು ನೀರಿಗೆ ಕಾಲು ಇಳಿಬಿಟ್ಟು ಮುಖ ಆಚೆ ತಿರುಗಿಸಿಕೊಂಡ. ಅವನು ಅತ್ತದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ಮೊದಮೊದಲು ಸೂರ್ಯ ಹುಟ್ಟುವಾಗ ಮರಳುತ್ತಿದ್ದವನು ಬರಬರುತ್ತ ತಡ ಮಾಡತೊಡಗಿದ. ನಾನು ಸ್ಕೂಲಿಗೆ ಹೊರಡುವ ಹೊತ್ತಾಯಿತು, ಆಮೇಲೆ ಮಧ್ಯಾಹ್ನವಾಯಿತು. ಒಂದು ಸಲ ಇಡೀ ದಿನ ಹಿತ್ತಿಲ ಸೌದೆಯ ಹಿಂದೆ ತೋಳನಾಗಿಯೇ ಮಲಗಿದ್ದ. ಅಜ್ಜಿ ಇಣುಕಬಾರದೆಂದು ಹಗ್ಗದ ಮೇಲೆ ಕಂಬಳಿ ಹರವಿ ಮರೆ ಮಾಡಿದೆ.

ಮರಳಿದ ಮೇಲೂ ಪೂರ್ತಿ ಮರಳುತ್ತಿರಲಿಲ್ಲ. ಒಂದು ದಿನ ಸಾರಿನ ಮುಂದೆ ಸೌಟು ಹಿಡಿದು ನಿಂತೇ ಇದ್ದ.

"ಅದು ಕೊಡು ಮೇಷ್ಟ್ರೇ. ಅದೇ… ಬೆಳ್ಳಗಿರ್ತದಲ್ಲ… ನಾಲ್ಗೆಗೆ ಚುರ್ ಅಂತದಲ್ಲ."

"ಉಪ್ಪಾ?"

"ಆ, ಉಪ್ಪು." ನಕ್ಕುಬಿಟ್ಟ. ಮಾರನೆಯ ದಿನ ಮತ್ತೆ ಅದೇ ಮಾತಿಗೆ ಸಿಕ್ಕಿಕೊಂಡ. ಆಗ ನಗಲಿಲ್ಲ.

ಸಂಜೆ ಹೊತ್ತು ಅವನನ್ನು ಎದುರಿಗೆ ಕೂರಿಸಿಕೊಂಡು ಮನೆಯ ಸಾಮಾನುಗಳ ಹೆಸರು ಹೇಳಿಸುತ್ತಿದ್ದೆ. ಚೊಂಬು, ಚಾಪೆ, ಕಿಟಕಿ. ಪಕ್ಕದ ಅಜ್ಜಿ ಅಂದುಕೊಂಡಿದ್ದು ಕೊನೆಗೆ ನಿಜವೇ ಆಯಿತು. ಕಲಿತದ್ದು ಮುಂದಿನ ಹುಣ್ಣಿಮೆಗೆ ಅಳಿಸಿಹೋಗುತ್ತಿತ್ತು, ಜೊತೆಗೆ ಮತ್ತಷ್ಟು.

"ನಮ್ ಚಿಕ್ಕಪ್ಪಂಗೂ ಇಂಗೇ ಆಗಿದ್ದು," ಎಂದು ಒಮ್ಮೆ ಹೇಳಿದ. "ಒಂದ್ ದಪ ಕಾಡಿಗೆ ಓದೋನು ಬರ್ನೇ ಇಲ್ಲ. ಈ ದಪ ನನ್ನ ಕೂಡಾಕು."

ಅವನ ಮಾತಿನಂತೆ ಒಳಕೋಣೆಗೆ ಬೀಗ ಹಾಕಿದೆ. ಮುಸ್ಸಂಜೆಯಿಂದ ಬಾಗಿಲು ಕೆರೆಯುವ ಸದ್ದು ಶುರುವಾಯಿತು. ಬೊಗಳಲಿಲ್ಲ, ಊಳಿಡಲಿಲ್ಲ. ಕೆರೆತ ಮಾತ್ರ, ನಿಲ್ಲದೆ. ಆ ಸದ್ದಿಗೆ ಬೆನ್ನು ಕೊಟ್ಟು ಕುಳಿತಿದ್ದೆ. ಬೆಳಿಗ್ಗೆ ಬೀಗ ತೆಗೆದರೆ ಮನುಷ್ಯನಾಗಿದ್ದ. ಉಗುರುಗಳು ಕಿತ್ತುಬಂದು ಹತ್ತೂ ಬೆರಳಲ್ಲಿ ರಕ್ತ. ಅರಿಸಿನ ಹಚ್ಚಿ ಬಟ್ಟೆ ಸುತ್ತುವಾಗ ಅವನು ನನ್ನ ಮುಖವನ್ನೇ ನೋಡುತ್ತಿದ್ದ.

"ಇನ್ಮ್ಯಾಕೆ ಕೂಡಾಕಬ್ಯಾಡ ಮೇಷ್ಟ್ರೇ. ಬುಟ್ಬುಡು. ಬಂದಷ್ಟು ದಿನ ಬತ್ತೀನಿ."

ಆ ಸುಗ್ಗಿಯಲ್ಲೇ ಊರಿಗೆ ಚಿರತೆ ಬಂತು. ಒಬ್ಬರ ಕೊಟ್ಟಿಗೆಯ ಕರು ಹೋಯಿತು. ಅರಣ್ಯದವರು ನಾಲೆಯ ಪಕ್ಕ ಬೋನು ತಂದಿಟ್ಟು, ಅದರ ಹಿಂದಿನ ಗೂಡಿನಲ್ಲಿ ನಾಯಿಯೊಂದನ್ನು ಕಟ್ಟಿದರು. ಆ ಕಡೆ ಹೋಗಬೇಡ ಎಂದು ಅವನಿಗೆ ಹೇಳಿದೆ. ಅವನು ತಲೆಯಾಡಿಸಿದ. ಆದರೆ ಸುತ್ತಲೂ ಕಬ್ಬು ಕಡಿದು ಗದ್ದೆಗಳು ಬೋಳಾಗಿದ್ದವು. ಮರೆ ಉಳಿದಿದ್ದು ಬೋನಿಟ್ಟ ಗದ್ದೆಯಲ್ಲಿ ಮಾತ್ರ. ತೋಳನಾದಾಗ ಅವನಿಗೆ ನನ್ನ ಮಾತು ಎಷ್ಟು ನೆನಪಿರುತ್ತಿತ್ತೋ ನನಗೆ ತಿಳಿಯದು.

ಹುಣ್ಣಿಮೆಯ ಮಾರನೆಯ ಬೆಳಿಗ್ಗೆ ಸ್ಕೂಲಿಗೆ ಹೋಗುವಾಗ ಎದುರು ಬಂದ ಹಾಲಿನವನು, "ಮೇಷ್ಟ್ರೇ, ಬೋನಿಗೆ ಬಿದ್ದದೆಯಂತೆ! ಚಿರತೆ ಅಲ್ವಂತೆ, ತೋಳವಂತೆ," ಅಂದ.

ಹೋಗುವಷ್ಟರಲ್ಲಿ ಊರೇ ನೆರೆದಿತ್ತು. ಎಲ್ಲರ ಕೈಯಲ್ಲೂ ಮೊಬೈಲು. ಅವನು ಬೋನಿನ ಮೂಲೆಯಲ್ಲಿ ಮುಖ ಆಚೆ ಮಾಡಿ ಮಲಗಿದ್ದ. ನಾಯಿ ತನ್ನ ಗೂಡಿನಲ್ಲಿ ನಡುಗುತ್ತಿತ್ತು, ಮೈಮೇಲೆ ಒಂದು ಗಾಯವೂ ಇರಲಿಲ್ಲ. ಜನರನ್ನು ಸರಿಸಿ ಹೋಗಿ ಕಂಬಿ ಹಿಡಿದೆ.

"ಮೇಷ್ಟ್ರೇ, ಕಚ್ತದೆ! ಕೈ ತಗೀರಿ!" ಯಾರೋ ಕೂಗಿದರು.

ಅವನು ಎದ್ದು ಬಂದು ನನ್ನ ಬೆರಳುಗಳಿಗೆ ಮೂಗು ಒತ್ತಿ ನಿಂತ. "ಮೇಷ್ಟ್ರುಗೆ ಒಗ್ಗೋಯ್ತು ನೋಡ್ಲಾ," ಎಂದು ಹಿಂದೆ ನಗು. ಬಿಸಿಲು ಏರುತ್ತಿತ್ತು. ಈಗ ಮನುಷ್ಯನಾದರೆ ಇಷ್ಟು ಜನರ ನಡುವೆ ಬೆತ್ತಲೆ ಕೂರಬೇಕಲ್ಲ ಎಂದು ಹೆದರಿದೆ. ಆಗದೇ ಹೋದರೆ ಎಂದು ಅದಕ್ಕಿಂತ ಹೆಚ್ಚು ಹೆದರಿದೆ. ಬಿಸಿಲಿಗೆ ಸಾಯುತ್ತದೆ ಎಂದು ಕೂಗಾಡಿ ಬೋನಿಗೆ ಗೋಣಿಚೀಲ ಹೊದಿಸಿದೆ. ಮರೆಯಲ್ಲಾದರೂ ಬರಲಿ ಎಂದು ಕಾದೆ. ಮಧ್ಯಾಹ್ನವಾಯಿತು. ಗೋಣಿಯ ಸಂದಿಯಲ್ಲಿ ಬಗ್ಗಿ ನೋಡಿದೆ. ತೋಳನೇ.

ಅರಣ್ಯದವರು ವ್ಯಾನು ತಂದರು. ಅವರಲ್ಲಿ ಹಿರಿಯ ಗಾರ್ಡೊಬ್ಬರು ನನ್ನ ಹತ್ತಿರ ಬಂದು, "ಏನೂ ಮಾಡಲ್ಲ ಸಾ, ಮಳವಳ್ಳಿ ಆಚೆ ಕಾಡಿಗೆ ಬುಡ್ತೀವಿ," ಅಂದರು.

"ಸಂಜೆಯವರೆಗೆ ಇರಲಿ," ಅಂದೆ.

"ಯಾಕೆ ಸಾ?"

ಏನೆಂದು ಹೇಳಲಿ. ಅವರು ಬೋನು ಎತ್ತಿದರು. ಮದ್ದೂರು, ಮಳವಳ್ಳಿ, ಅದರಾಚೆ, ವ್ಯಾನಿನ ಹಿಂದೆಯೇ ಬೈಕಿನಲ್ಲಿ ಹೋದೆ. ಕಾಡಿನ ಗೇಟಿನಲ್ಲಿ ನನ್ನನ್ನು ತಡೆದರು. ಅಲ್ಲೇ ಮೋರಿಯ ಮೇಲೆ ಕುಳಿತೆ. ಹೊತ್ತು ಇಳಿಯುವಾಗ ಖಾಲಿ ಬೋನಿನೊಂದಿಗೆ ವ್ಯಾನು ಬಂತು. ಆ ಗಾರ್ಡು ಗಾಡಿ ನಿಲ್ಲಿಸಿದರು.

"ಬುಟ್ಬುಟ್ಟೊ ಸಾ. ಆಚೆ ಬಂದು ಒಸಿ ಹೊತ್ತು ನಿಂತಿತ್ತು, ಆಮ್ಯಾಕೆ ಓಯ್ತು." ನನ್ನ ನಂಬರು ಕೇಳಿ ಬರೆದುಕೊಂಡರು.

ಆಲೆಮನೆಯ ಯಜಮಾನ ಅವನು ಊರಿಗೆ ಹೋಗಿರಬೇಕು ಎಂದುಕೊಂಡು ಬೇರೆ ಆಳು ಗೊತ್ತು ಮಾಡಿದ. ನಾನು ಅವನ ಬಟ್ಟೆ ತೆಗೆದುಕೊಂಡು ಕಾಡಂಚಿಗೆ ಹೋಗುತ್ತಿದ್ದೆ. ಅಮಾವಾಸ್ಯೆ ಕಳೆಯಿತು, ಮತ್ತೊಂದು ಹುಣ್ಣಿಮೆಯೂ ಕಳೆಯಿತು. ಯಾರೂ ಬರಲಿಲ್ಲ.

ಕೊನೆಗೆ ಅವನ ಅಕ್ಕನನ್ನು ಹುಡುಕಿಕೊಂಡು ಹೋದೆ. ಕುರಿಹಟ್ಟಿಯ ಮುಂದೆ ಸೊಪ್ಪು ಕಟ್ಟುತ್ತಿದ್ದ ಹೆಂಗಸು ನನ್ನನ್ನು ನೋಡಿ, "ಕೊಪ್ಪದ ಮೇಷ್ಟ್ರಾ?" ಅಂದಳು.

ಹೌದೆಂದೆ.

"ಪೋನು ಮಾಡ್ದಾಗೆಲ್ಲ ನಿಮ್ ಮಾತೇಯ. ಅವ್ನು ಏಳ್ತಿದ್ದ ರೀತೀಲೇ ನಂಗೆ ಎಲ್ಲ ಗೊತ್ತಾಗಿತ್ತು." ಆಮೇಲೆ ಕೇಳಿದಳು: "ಚಿಕ್ಕಪ್ಪನಂಗೇ ಓದ್ನಾ?"

ನಡೆದದ್ದನ್ನು ಹೇಳಿದೆ. ಅವಳು ಸೊಪ್ಪು ಕಟ್ಟುವುದನ್ನು ನಿಲ್ಲಿಸಲಿಲ್ಲ. ಕಟ್ಟಿ ಮುಗಿಸಿ ಸೆರಗಿನಲ್ಲಿ ಕೈ ಒರೆಸಿಕೊಂಡಳು.

"ಚಿಕ್ಕಪ್ಪ ಓದಾಗ ನಮ್ ಚಿಕ್ಕವ್ವ ತಾಳಿ ತಗೀನಿಲ್ಲ. ಸತ್ತಿಲ್ವಲ್ಲ, ಎಂಗೆ ತಗೀಲಿ ಅಂತಿದ್ಲು. ಸಾಯೋಗಂಟ ಆಕ್ಕೊಂಡೇ ಇದ್ಲು." ನನ್ನ ಕಡೆ ನೋಡಿದಳು. "ನಿಮ್ಗೆ ಆಕ್ಕೊಳ್ಳಾಕೂ ಏನಿಲ್ಲ, ತಗ್ಯಾಕೂ ಏನಿಲ್ವಲ್ಲ ಮೇಷ್ಟ್ರೇ," ಎಂದವಳೇ ಅತ್ತುಬಿಟ್ಟಳು. ಅವಳ ಮುಂದೆ ನಾನೂ ಅತ್ತೆ. ಅಲ್ಲಿಯವರೆಗೆ ಯಾರ ಮುಂದೆಯೂ ಅಳಲು ಆಗಿರಲಿಲ್ಲ.

ಆ ವರ್ಷ ಅವ್ವ ಮತ್ತೊಂದು ಹೆಣ್ಣಿನ ಫೋಟೋ ತೋರಿಸಿದಾಗ, "ನನಗೆ ಒಬ್ಬ ಇದ್ದ ಕಣವ್ವ, ಈಗಿಲ್ಲ," ಎಂದು ಹೇಳಿದೆ. ಅವಳು ಫೋಟೋವನ್ನು ಮೊರದ ಕೆಳಗೆ ಸರಿಸಿ ಅಕ್ಕಿ ಆರಿಸುತ್ತ ಕುಳಿತಳು. ಅಣ್ಣ ಅಂದಿನಿಂದ ಮಾತು ಬಿಟ್ಟಿದ್ದಾನೆ.

ಮಳವಳ್ಳಿಗೆ ವರ್ಗ ಕೇಳಿದೆ, ಸಿಕ್ಕಿತು. ಇಲ್ಲಿಗೆ ಬಂದ ಮೇಲೆ ಒಂದು ಮಧ್ಯಾಹ್ನ ಆ ಗಾರ್ಡು ಫೋನ್ ಮಾಡಿದರು. ಕಾಡಂಚಿನ ರಸ್ತೆಯಲ್ಲಿ ಲಾರಿಗೆ ಸಿಕ್ಕಿ ತೋಳವೊಂದು ಸತ್ತಿದೆ, ಅವತ್ತು ನೀವು ಅಷ್ಟು ಒದ್ದಾಡಿದಿರಲ್ಲ, ಅದಕ್ಕೆ ಹೇಳಿದೆ ಅಂದರು. ಪಾಠ ಅರ್ಧಕ್ಕೆ ಬಿಟ್ಟು, ಸಿಕ್ಕ ಬಸ್ಸು ಹತ್ತಿ ಹೊರಟೆ. ದಾರಿಯುದ್ದಕ್ಕೂ ಏನನ್ನೂ ಯೋಚಿಸಲಿಲ್ಲ. ಗಾರ್ಡು ಮುಚ್ಚಿದ್ದ ಸೊಪ್ಪು ಸರಿಸಿದರು. ಹೆಣ್ಣು ತೋಳ. ಮೊಲೆಗಳಲ್ಲಿ ಹಾಲಿತ್ತು.

ರಸ್ತೆ ಬದಿಯಲ್ಲಿ ಕುಳಿತುಬಿಟ್ಟೆ. ಅವನಲ್ಲ ಎಂದು ಸಂತೋಷಪಡುವಷ್ಟು ಶಕ್ತಿಯೂ ಇರಲಿಲ್ಲ. ಗಾರ್ಡು ಬಾಟಲಿಯಿಂದ ನೀರು ಕೊಟ್ಟರು. ಆಮೇಲೆ ಇಬ್ಬರೂ ಸೇರಿ ಗುಂಡಿ ತೋಡಿದೆವು. ನೆಲ ಗಟ್ಟಿಯಿತ್ತು, ಹೊತ್ತು ಹಿಡಿಯಿತು. ಮಣ್ಣು ಮುಚ್ಚಿ ಮೇಲೆ ಮುಳ್ಳುಕಂಟಿ ಎಳೆದು, ಸಂಜೆಯ ಬಸ್ಸಿಗೆ ಇಬ್ಬರೂ ಕಾಡಿನ ಗೇಟಿನವರೆಗೆ ನಡೆದು ಬಂದೆವು.