ಐದನೇ ತಿಂಗಳ ಡಾಕ್ಟರಮ್ಮ

ರಾಣೇಬೆನ್ನೂರಿನ ಆ ಸ್ಕ್ಯಾನಿಂಗ್ ಡಾಕ್ಟರಮ್ಮ, ಜೆಲ್ಲಿನ ಬಾಟಲಿಯನ್ನು ಅಂಗೈಯಲ್ಲಿ ಉಜ್ಜಿ ಬೆಚ್ಚಗೆ ಮಾಡದೆ ಯಾರ ಹೊಟ್ಟೆಯನ್ನೂ ಮುಟ್ಟುತ್ತಿರಲಿಲ್ಲ. ಐದನೇ ತಿಂಗಳಲ್ಲಿ ಅತ್ತೆಯ ಜೊತೆ ಬ್ಯಾಡಗಿಯಿಂದ ಹೋದ ನನಗೆ ಕೂಸಿನ ಮಿದುಳು, ಬೆನ್ನುಮೂಳೆ, ಬೆರಳು ಎಲ್ಲ ತೋರಿಸಿದರು. ಹೃದಯ ಮಾತ್ರ ಸರಿಯಾಗಿ ಕಾಣಲಿಲ್ಲ. ಕೂಸು ಬೋರಲು ಮಲಗಿತ್ತು. ನಾನು ಡಾಕ್ಟರಮ್ಮನ ಮುಖ ನೋಡಿದೆ.

"ಅಂಜಬ್ಯಾಡ್ರಿ, ಅದು ತಾನ ತಿರಗತೈತಿ. ಏನಾರ ತಿಂದು, ಅಡ್ಡಾಡಿ ಬರ್ರಿ."

ನಾನು, ಅತ್ತೆ ಎದುರಿನ ಗಾಡಿಯಲ್ಲಿ ಮಿರ್ಚಿ ಭಜಿ ತಿಂದು ಬಂದೆವು. ಈಗ ಕೂಸು ಪರದೆಯ ತುಂಬ ಒದೆಯುತ್ತಿತ್ತು! ಡಾಕ್ಟರಮ್ಮ ಹೃದಯದ ನಾಲ್ಕೂ ಕೋಣೆಗಳನ್ನು ಪೆನ್ನಿನಿಂದ ಮುಟ್ಟಿ ಮುಟ್ಟಿ ತೋರಿಸಿದರು.

ಅತ್ತೆಗೆ ತಡೆಯಲಾಗಲಿಲ್ಲ. "ಗಂಡೇನ್ರಿ, ಹೆಣ್ಣೇನ್ರಿ?"

ಅದನ್ನು ಹೇಳುವಂತಿಲ್ಲವೆಂಬ ಬೋರ್ಡು ಗೋಡೆಯ ಮೇಲೇ ಇತ್ತು. ಡಾಕ್ಟರಮ್ಮ ಭಜಿಯ ವಾಸನೆ ಹಿಡಿದು ನಕ್ಕರು.

"ಮಿರ್ಚಿ ತಿಂದಕೂಡ್ಲೇ ಎದ್ದೈತ್ರಿ. ಖರೇ ಬ್ಯಾಡಗಿ ಕೂಸು!"