ಒಂದರಿಂದ ನಾಲ್ಕು

ಪುಣೆಯ ಹಳೆಯ ಪೇಟೆಗಳಲ್ಲಿ ಮಧ್ಯಾಹ್ನ ಒಂದು ಗಂಟೆಗೆ ಅಂಗಡಿಗಳು ಒಂದರ ಹಿಂದೊಂದು ಬಾಗಿಲೆಳೆದುಕೊಳ್ಳುವ ಸದ್ದನ್ನು ನೀವು ಕೇಳಿಲ್ಲವಾದರೆ, ಗಿರಾಕಿಯೆಂಬ ಜೀವಿಯ ನಿಜವಾದ ಯೋಗ್ಯತೆ ನಿಮಗಿನ್ನೂ ತಿಳಿದಿಲ್ಲವೆಂದೇ ಅರ್ಥ. ನಾನು ಶೇಂಗಾ ಚಟ್ನಿಪುಡಿ ಕೊಳ್ಳುವ ಕುಲಕರ್ಣಿಯವರ ಅಂಗಡಿಯ ಬಾಗಿಲಿಗೆ ಒಂದು ಹಲಗೆ ತೂಗುಹಾಕಿತ್ತು: ‘ಒಂದರಿಂದ ನಾಲ್ಕು ವಿಶ್ರಾಂತಿ. ಬಾಗಿಲು ಬಡಿಯಬೇಡಿ. ಬಡಿದರೂ ತೆಗೆಯುವುದಿಲ್ಲ.’ ಮೈಸೂರಿನಿಂದ ಬಂದ ನಾನು ಮರಾಠಿಯಲ್ಲಿ ತಡವರಿಸದೆ ಓದಿ ಮುಗಿಸಿದ ಮೊದಲ ಗದ್ಯಕೃತಿ ಅದೇ.

ಈ ಊರು ದಾರಿ ತೋರಿಸುವುದು ಇಲ್ಲದ ವಸ್ತುಗಳಿಂದ. ‘ಟಾಕೀಸಿನ ಎದುರು’ ಎನ್ನುತ್ತಾರೆ. ಹೋಗಿ ನೋಡಿದರೆ ಟಾಕೀಸಿನ ಜಾಗದಲ್ಲಿ ಸೀರೆಯ ಮಳಿಗೆ. ‘ಇರಾಣಿ ಹೋಟೆಲಿನ ಮೂಲೆ’ಯಲ್ಲಿ ಮೊಬೈಲ್ ಮಾರುತ್ತಾರೆ. ಮರ-ಇಟ್ಟಿಗೆಯ ಹಳೆಯ ವಾಡೆಗಳು ಒಂದೊಂದಾಗಿ ಅಪಾರ್ಟ್‌ಮೆಂಟುಗಳಾಗುತ್ತಿವೆ, ನೆಲದಡಿಯಲ್ಲಿ ಮೆಟ್ರೋ ಓಡುತ್ತಿದೆ. ಇಷ್ಟೆಲ್ಲ ಸ್ಥಿತ್ಯಂತರಗಳ ನಡುವೆ ಕದಲದೆ ನಿಂತಿದ್ದದ್ದು ಕುಲಕರ್ಣಿಯವರ ಮಧ್ಯಾಹ್ನದ ನಿದ್ದೆಯೊಂದೇ. ಅಜ್ಜ ವಿಜಯಪುರದಿಂದ ತಂದ ಕನ್ನಡವನ್ನು ಅವರು ಮನೆಯೊಳಗೆ ಕೆಡದಂತೆ ಇಟ್ಟುಕೊಂಡಿದ್ದರು. ನಿದ್ದೆಯ ವಿಷಯದಲ್ಲಿ ಮಾತ್ರ ಅಪ್ಪಟ ಪುಣೇಕರರು.

ಆ ದಿನ ನಾನು ತಲುಪುವಾಗ ಅವರು ಬಾಗಿಲನ್ನು ಅರ್ಧ ಎಳೆದಾಗಿತ್ತು. ಮೆಟ್ಟಿಲ ಮೇಲೆ ನಿಂತು, ಕಾಲು ಕಿಲೋ ಪುಡಿ, ಕಟ್ಟಿಕೊಡಲು ಎಷ್ಟು ಹೊತ್ತು, ಎಂದು ನನ್ನಲ್ಲಿದ್ದ ವಿನಯವನ್ನೆಲ್ಲ ಖರ್ಚು ಮಾಡಿದೆ. ಅವರು ಹಲಗೆಯತ್ತ ಬೆರಳು ತೋರಿಸಿದರು. “ನಾಲ್ಕಕ್ಕ ಬರ್ರಿ, ಮೈಸೂರವರ. ಚಟ್ನಿ ಎಲ್ಲೂ ಓಡಿ ಹೋಗೂದಿಲ್ಲ.” ಚಿಲಕ ಬಿತ್ತು.

ಅವಮಾನವನ್ನು ಕಾಫಿಯಲ್ಲಿ ಕದಡಿ ಕುಡಿಯೋಣವೆಂದು ಎದುರಿನ ಶೆಟ್ಟರ ಹೋಟೆಲಿಗೆ ದಾಟಿದೆ. ಈ ಊರಿನ ವ್ಯಾಪಾರಿಗಳಿಗೆ ವ್ಯಾಪಾರವೇ ಬೇಡ ಎಂಬಲ್ಲಿಗೆ ನನ್ನ ಭಾಷಣ ತಲುಪಿತ್ತು, ಗಲ್ಲಾದಲ್ಲಿದ್ದ ಶೆಟ್ಟರು ನಗುತ್ತಿದ್ದರು. ಆಗ ಕುಲಕರ್ಣಿಯವರ ಅಂಗಡಿಯಿದ್ದ ಎದುರಿನ ವಾಡೆಯ ಖಾಲಿ ಮೇಲಂತಸ್ತಿನ ಮರದ ಬಾಲ್ಕನಿ, ನನ್ನ ಮಾತನ್ನು ಒಪ್ಪಿದಂತೆ ಒಮ್ಮೆ ತಲೆದೂಗಿ, ತೊಲೆ ಇಟ್ಟಿಗೆಗಳ ಸಮೇತ ಕೆಳಗೆ ಕುಳಿತುಬಿಟ್ಟಿತು. ಕುಳಿತದ್ದು ನಾನು ನಿಂತಿದ್ದ ಮೆಟ್ಟಿಲ ಮೇಲೆ.

ದೂಳು ಇಳಿದಾಗ ಅಂಗಡಿಯ ಬಾಗಿಲು ರಾಶಿಯ ಹಿಂದೆ ಮರೆಯಾಗಿತ್ತು. “ಅವರು ಮಲಗುವುದು ಒಳಗೇ ಮಾರಾಯ್ರೇ” ಎಂದರು ಶೆಟ್ಟರು, ಸಣ್ಣ ದನಿಯಲ್ಲಿ. ಅಗ್ನಿಶಾಮಕ ದಳಕ್ಕೆ ಫೋನಿನಲ್ಲಿ ಅವರು ಕೊಟ್ಟ ವಿಳಾಸವೂ ಆ ಇಲ್ಲದ ಟಾಕೀಸಿನದೇ. ಆಚೆಯವರಿಗೆ ತಕ್ಷಣ ತಿಳಿಯಿತು. ಅವರು ಬರುವವರೆಗೆ ಕಾಯಲಾರದೆ ನಾವಿಬ್ಬರೂ ಹಿಂದಿನ ಸಂದಿಗೆ ಓಡಿ ಹಿತ್ತಿಲ ಬಾಗಿಲು ಬಡಿದೆವು, ಹೆಸರು ಹಿಡಿದು ಕೂಗಿದೆವು. ಉತ್ತರವಿಲ್ಲ. ‘ಬಡಿದರೂ ತೆಗೆಯುವುದಿಲ್ಲ’ ಎಂಬ ಸಾಲು, ಗೆಳೆಯರಿಗೆಲ್ಲ ಹೇಳಿ ನಗಿಸಿದ್ದ ಸಾಲು, ಪ್ರತಿ ಬಡಿತಕ್ಕೂ ನೆನಪಿಗೆ ಬಂತು. ಅಂಗೈ ಉರಿಯುವವರೆಗೆ ಬಡಿದೆ. ಯಾವ ಗರ್ಭಗುಡಿಯ ಎದುರೂ ನಾನು ಬಾಗಿಲು ತೆರೆಯಲೆಂದು ಅಷ್ಟು ಬೇಡಿಕೊಂಡವನಲ್ಲ.

ಬಾಗಿಲು ತೆರೆಯಿತು. ಬನಿಯನ್, ಪಂಚೆ, ಎರಡೂ ಕಿವಿಯಲ್ಲಿ ಹತ್ತಿ. ಪಕ್ಕದ ಜಾಗದಲ್ಲಿ ಪಾಯ ಅಗೆಯುವ ಯಂತ್ರದ ಗದ್ದಲ ತಾಳಲಾರದೆ ಇಟ್ಟುಕೊಂಡದ್ದು.

“ಬೋರ್ಡ್ ಓದಲಿಕ್ಕ ಬರೂದಿಲ್ಲೇನ್ರಿ?” ಎಂದರು ಕುಲಕರ್ಣಿಯವರು.

ಶೆಟ್ಟರು ಅವರ ಕೈ ಹಿಡಿದುಕೊಂಡು ಅತ್ತುಬಿಟ್ಟರು. ನಾನು ತೊದಲುತ್ತ ನಡೆದದ್ದನ್ನು ಹೇಳಿದೆ. ಅವರು ಹತ್ತಿ ತೆಗೆದು, ಎಲ್ಲ ಕೇಳಿಸಿಕೊಂಡು, ವಾಡೆಯ ಮಾತೇ ಎತ್ತದೆ, “ನೀವು ಎಲ್ಲಿದ್ರಿ ಆವಾಗ?” ಎಂದು ನನ್ನನ್ನು ಕೇಳಿದರು. ಆಮೇಲೆ ಹೊಸ್ತಿಲ ಮೇಲೆ ಮೆಲ್ಲನೆ ಕುಳಿತರು.

ಊರಿನ ಟಾಕೀಸು ಹೋದರೇನು, ನನ್ನ ತಲೆಯೊಳಗೆ ಆ ಮಧ್ಯಾಹ್ನ ಈಗಲೂ ದಿನಕ್ಕೆರಡು ಆಟ ನಡೆಯುತ್ತದೆ. ಬಾಲ್ಕನಿ ಬೀಳುವುದಕ್ಕೆ ಈಗ ಅಷ್ಟು ಹೆದರುವುದಿಲ್ಲ. ಅದು ಎಷ್ಟೆಂದರೂ ಬಿದ್ದಾಗಿದೆ. ಆದರೆ ಕೆಲವು ಆಟಗಳಲ್ಲಿ ಕುಲಕರ್ಣಿಯವರು ಕರಗಿ, ‘ಆಗಲಿ ನಿಲ್ರಿ, ಕೊಡ್ತೀನಿ’ ಎಂದುಬಿಡುತ್ತಾರೆ. ನಾನು ಬೆವರುವುದು ಅಲ್ಲಿ. ಸೌಜನ್ಯವನ್ನೇ ಊರಿನ ಆಸ್ತಿಯೆಂದು ಹೇಳಿಕೊಂಡು ಬೆಳೆದವನಿಗೆ, ತಾನು ಬದುಕಿರುವುದು ಇನ್ನೊಬ್ಬರ ಒರಟುತನದ ದಯೆಯಿಂದ ಎಂಬುದು ಅಷ್ಟು ಸುಲಭವಾಗಿ ಅರಗುವ ಸಂಗತಿಯಲ್ಲ.

ವಾಡೆಯನ್ನು ಈಗ ಪೂರ್ತಿ ಕೆಡವಿದ್ದಾರೆ. ಶೆಟ್ಟರ ಹೋಟೆಲಿನ ದಾರಿ ಕೇಳಿದವರಿಗೆ ‘ಕುಲಕರ್ಣಿ ವಾಡೆಯ ಎದುರು’ ಎನ್ನುತ್ತೇನೆ, ಹೇಳಿದ ಮೇಲೆ ನಾನೂ ಈ ಊರಿನವನಾದೆನಲ್ಲ ಎಂದು ನಗು ಬರುತ್ತದೆ. ಅಂಗಡಿ ಹೋಟೆಲಿನ ಪಕ್ಕದ ಹೊಸ ಕಟ್ಟಡಕ್ಕೆ ಬಂದಿದೆ. ಅವಶೇಷಗಳಡಿಯಿಂದ ಎತ್ತಿ ತಂದ ಹಲಗೆಯೂ ಬಂದಿದೆ. ಅದರ ಕೆಳಗೆ ಹೊಸ ಬಣ್ಣದಲ್ಲಿ ಇನ್ನೊಂದು ಸಾಲು: ‘ಕಟ್ಟಡ ಬಿದ್ದರೆ ಮಾತ್ರ ಬಡಿಯಬಹುದು.’ ಕುಲಕರ್ಣಿಯವರು ಈಗ ಕಿವಿಗೆ ಹತ್ತಿ ಇಟ್ಟುಕೊಳ್ಳುವುದಿಲ್ಲವೆಂದು ಶೆಟ್ಟರು ಹೇಳಿದರು.

ಮೊನ್ನೆ ಎರಡು ಗಂಟೆಯ ಬಿಸಿಲಲ್ಲಿ ಆ ಬಾಗಿಲ ಮುಂದೆ ಹಾದುಹೋಗುತ್ತಿದ್ದವನು ನಿಂತೆ. ಹಲಗೆಯನ್ನು ಪೂರ್ತಿ ಓದಿದೆ. ಕತ್ತೆತ್ತಿ ಮೇಲೊಮ್ಮೆ ನೋಡಿದೆ. ಬೆರಳ ಗೆಣ್ಣಿನಿಂದ ಮೆಲ್ಲಗೆ ಬಡಿದೆ.

“ಬಿದ್ದದೇನ್ರಿ?” ಒಳಗಿಂದ ದನಿ ಬಂತು.

“ಇಲ್ರಿ” ಎಂದೆ.

“ಮತ್ತ ನಾಲ್ಕಕ್ಕ ಬರ್ರಿ.”

ಹೊರಟೆ. ಚಟ್ನಿಪುಡಿ ಮನೆಯಲ್ಲಿ ಬೇಕಾದಷ್ಟಿತ್ತು.